ಎರಡು ಮಾನಿಟರ್‌ಗೆ ಎರಡು ವರ್ಕ್‌ಸ್ಪೇಸ್ ಇಟ್ಟುಕೊಳ್ಳಿ
ಫೋಟೋಶಾಪ್‌ನ ಲೇಯರ್ಸ್ ಪ್ಯಾನೆಲನ್ನು ಎರಡನೇ ಮಾನಿಟರ್‌ಗೆ ಎಳೆದಿಟ್ಟರೂ, ಲ್ಯಾಪ್‌ಟಾಪ್ ಒಂದರಲ್ಲೇ ಕೆಲಸ ಮಾಡಿ ಬಂದ ಮೇಲೆ ಎಲ್ಲಾ ಕಲಸಿಹೋಗುತ್ತದೆ, ಅಲ್ವಾ? ಎರಡು ವರ್ಕ್‌ಸ್ಪೇಸ್ (ಅಂದ್ರೆ ಹೆಸರು ಕೊಟ್ಟು ಉಳಿಸಿಟ್ಟ ಪ್ಯಾನೆಲ್ ಜೋಡಣೆ) ಮಾಡಿಟ್ಟುಕೊಳ್ಳಿ. ಮಾನಿಟರ್ ಜೋಡಿಸಿದಾಗ ಪ್ಯಾನೆಲ್‌ಗಳನ್ನು ಬೇಕಾದಲ್ಲಿಟ್ಟು, ವಿಂಡೋ ಮೆನುವಿನ ವರ್ಕ್‌ಸ್ಪೇಸ್‌ನಲ್ಲಿ ‘ನ್ಯೂ ವರ್ಕ್‌ಸ್ಪೇಸ್’ ಒತ್ತಿ ಹೆಸರು ಕೊಡಿ. ಲ್ಯಾಪ್‌ಟಾಪ್‌ಗೂ ಹಾಗೇ ಇನ್ನೊಂದು. ಆಮೇಲೆ ಬೇಕಾದ್ದನ್ನು ಆರಿಸಿದರೆ ಸಾಕು.

ಎರಡನೇ ಪರದೆಯಲ್ಲಿ ಸುಮ್ನೆ ಪ್ಯಾನೆಲ್ ಮಾತ್ರ ಇಡಬೇಡಿ. ಅದೇ ಮೆನುವಿನ ಅರೇಂಜ್‌ನಲ್ಲಿ ‘ನ್ಯೂ ವಿಂಡೋ’ ಇದೆ. ಒಂದೇ ಫೈಲ್ ಎರಡು ಕಡೆ ತೆರೆಯುತ್ತದೆ. ಒಂದರಲ್ಲಿ ಕಣ್ಣಿನ ರೆಪ್ಪೆಯನ್ನು 400% ಹಿಗ್ಗಿಸಿ ತಿದ್ದುತ್ತಿದ್ದರೆ, ಇನ್ನೊಂದರಲ್ಲಿ ಇಡೀ ಮುಖ ಹೇಗೆ ಬದಲಾಗುತ್ತಿದೆ ಅಂತ ಕಾಣುತ್ತದೆ. ನನಗಂತೂ ಇದೇ ಜಾಸ್ತಿ ಉಪಯೋಗ.

ಫೋಟೋಶಾಪ್ ಬದಲು ಗಿಂಪ್ (ಉಚಿತ ಫೋಟೋ ಎಡಿಟರ್) ಬಳಸುವುದಾದರೆ ವಿಂಡೋಸ್ ಮೆನುವಿನಲ್ಲಿ ‘ಸಿಂಗಲ್ ವಿಂಡೋ ಮೋಡ್’ ಆಫ್ ಮಾಡಿ, ಪ್ಯಾನೆಲ್‌ಗಳು ಬಿಡಿಯಾಗುತ್ತವೆ.