ಓದುಗರ ಪ್ರಶ್ನೆ: ವೈರಿಂಗ್ ಒಬ್ಬರದು, ಸಹಿ ಮತ್ತೊಬ್ಬರದೇ?

ಪ್ರಶ್ನೆ: ಊರಿನಲ್ಲಿ ಶೇಂಗಾ ಎಣ್ಣೆಯ ಸಣ್ಣ ಗಾಣ ಹಾಕುತ್ತಿದ್ದೇನೆ. ತ್ರೀ ಫೇಸ್ ಮೋಟಾರಿನ ವೈರಿಂಗನ್ನು ಪರಿಚಯದ ಎಲೆಕ್ಟ್ರಿಷಿಯನ್ ಮುಗಿಸಿದ್ದಾರೆ. ಅನುಭವಸ್ಥರು, ಆದರೆ ಪರವಾನಗಿ ಇಲ್ಲ. ಸಂಪರ್ಕ ಪಡೆಯಲು ಪರವಾನಗಿ ಪಡೆದ ಗುತ್ತಿಗೆದಾರರ ವರದಿ ಬೇಕಂತೆ. ಹಣ ಕೊಟ್ಟರೆ ಸಹಿ ಹಾಕುವವರಿದ್ದಾರೆ ಎನ್ನುತ್ತಾರೆ. ಹಾಗೆ ಮಾಡಬಹುದೇ?
– ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ಮಾಡಬಾರದು. ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರೇ, ಅರ್ಹತಾ ಪತ್ರವುಳ್ಳ ಮೇಲ್ವಿಚಾರಕರ ನೇರ ಉಸ್ತುವಾರಿಯಲ್ಲಿ, ಪರ್ಮಿಟ್ ಇರುವ ಕೆಲಸಗಾರರಿಂದ ಮಾಡಿಸಬೇಕೆಂಬುದು 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿ ಅದನ್ನು ಉಳಿಸಿಕೊಂಡಿತು, ಅದರ ಜಾಗಕ್ಕೆ ಈಗ 2023ರದು ಬಂದಿದೆ. ಕೆಲಸವನ್ನು ಕಣ್ಣಿನಿಂದಲೂ ನೋಡದೆ ಹಾಕಿದ ಸಹಿ ನಿಮ್ಮನ್ನು ಕಾಯುವುದಿಲ್ಲ. ನಾಳೆ ಅವಘಡವಾಗಿ ವಿದ್ಯುತ್ ಪರಿವೀಕ್ಷಕರು ತನಿಖೆಗೆ ಬಂದರೆ ಗಾಣದ ಮಾಲೀಕರಾದ ನೀವೂ ಉತ್ತರ ಹೇಳಬೇಕಾಗುತ್ತದೆ.

ಪರವಾನಗಿ ಇರುವ ಗುತ್ತಿಗೆದಾರರನ್ನು ಕರೆಸಿ, ಆಗಿರುವ ಕೆಲಸವನ್ನು ಬಿಚ್ಚಿ ತೋರಿಸಿ. ಅವರು ಬದಲಿಸಬೇಕೆಂದದ್ದನ್ನು ಬದಲಿಸಿ. ಖರ್ಚು ಬರುತ್ತದೆ, ನಿಜ. ಎರಡು ಸಂಗತಿಗಳನ್ನು ನೀವೇ ನಿಂತು ನೋಡಿ. ಮೊದಲನೆಯದು ಮೆಗ್ಗರ್ (ಇನ್ಸುಲೇಷನ್, ಅಂದರೆ ತಂತಿಯ ಹೊದಿಕೆಯ ರೋಧವನ್ನು ಅಳೆಯುವ ಉಪಕರಣ) ಪರೀಕ್ಷೆ: 500 ವೋಲ್ಟನ್ನು ಒಂದು ನಿಮಿಷ ಕೊಟ್ಟಾಗ ವೈರಿಂಗಿನ ಇನ್ಸುಲೇಷನ್ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಎರಡನೆಯದು ಮೋಟಾರಿನ ಅರ್ಥಿಂಗ್: ಮೋಟಾರಿನ ಮೈಯಿಂದ ಎರಡು ಬೇರೆ ಬೇರೆ ಅರ್ಥ್ ಸಂಪರ್ಕಗಳು ನೆಲಕ್ಕೆ ಹೋಗಿರಬೇಕು; ಒಂದೇ ಬೋಲ್ಟಿಗೆ ಎರಡು ತಂತಿ ಸುತ್ತಿ ಬಿಟ್ಟಿದ್ದರೆ ಬೋಲ್ಟ್ ಸಡಿಲವಾದ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ನಿಮ್ಮ ಸೀಮೆಯಲ್ಲಿ ಮಳೆ ಕಡಿಮೆ, ಬೇಸಿಗೆಯಲ್ಲಿ ಮಣ್ಣು ಒಣಗಿದಂತೆ ಅರ್ಥ್‌ನ ರೋಧ ಏರುವುದರಿಂದ ಅರ್ಥ್ ಗುಂಡಿಗೆ ನೀರು ಹಾಕುತ್ತಿರಬೇಕು. ನಿಮ್ಮ ಪರಿಚಯದವರ ಕೈಚಳಕವನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಮೆಗ್ಗರ್ ಇಲ್ಲದೆ ಎಷ್ಟು ವರ್ಷದ ಅನುಭವಕ್ಕೂ ಇನ್ಸುಲೇಷನ್ ಕಾಣುವುದಿಲ್ಲ.

ಪ್ರಶ್ನೆ: ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದ್ದೇನೆ. ಸ್ವಂತವಾಗಿ ಮನೆಗಳ ವೈರಿಂಗ್ ಒಪ್ಪಿಕೊಳ್ಳಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಐಟಿಐ ಪ್ರಮಾಣಪತ್ರ ವಿದ್ಯಾರ್ಹತೆ ಮಾತ್ರ, ಪರ್ಮಿಟ್ ಅಲ್ಲ. ನಮ್ಮ ರಾಜ್ಯದಲ್ಲಿ ವೈರ್‌ಮನ್ ಮತ್ತು ಸೂಪರ್‌ವೈಸರ್ ಪರ್ಮಿಟ್‌ಗಳು, ಗುತ್ತಿಗೆದಾರರ ಪರವಾನಗಿ ಇವೆಲ್ಲ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆಯಲ್ಲೇ ಸಿಗುತ್ತವೆ. ಬೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ ಅಲೆಯಬೇಡಿ, ಅದು ವಿದ್ಯುತ್ ಕೊಡುವ ಸಂಸ್ಥೆ. ವೈರ್‌ಮನ್ ಪರ್ಮಿಟ್ ಪಡೆದರೆ ಗುತ್ತಿಗೆದಾರರ ಕೈಕೆಳಗೆ ಕೆಲಸ ಮಾಡಬಹುದು. ನಿಮ್ಮದೇ ಹೆಸರಿನಲ್ಲಿ ಮನೆ ಒಪ್ಪಿಕೊಂಡು ವರದಿಗೆ ಸಹಿ ಹಾಕಬೇಕಾದರೆ ಗುತ್ತಿಗೆದಾರರ ಪರವಾನಗಿಯೇ ಬೇಕು, ಅದರ ಜೊತೆಗೆ ಪರ್ಮಿಟ್ ಇರುವ ಮೇಲ್ವಿಚಾರಕರೂ ಪರೀಕ್ಷೆಯ ಉಪಕರಣಗಳೂ ಇರಬೇಕು. ಅವಧಿ ಮುಗಿಯುವ ಮುನ್ನ ನವೀಕರಿಸುವುದನ್ನು ಮರೆಯಬೇಡಿ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಇಂಥವನ್ನು ವೈರಿಂಗಿನ ಸಾಮರ್ಥ್ಯ ಮತ್ತು ಸ್ವರೂಪ ಬದಲಾಗದಂತೆ ಬದಲಿಸಿಕೊಡುವುದಕ್ಕೆ ನಿಯಮದಲ್ಲೇ ವಿನಾಯಿತಿ ಇದೆ. ಆದರೆ ಹಳೆಯ ಫ್ಯಾನ್ ತೆಗೆದು ಹೊಸದು ಹಾಕಲು ಕರೆದವರು ಅದೇ ಕೋಣೆಗೆ ಎ.ಸಿ. ಲೈನ್ ಒಂದನ್ನು ಎಳೆದುಕೊಡಿ ಎಂದರೆ ಅದು ವಿನಾಯಿತಿಯೊಳಗೆ ಬರುವುದಿಲ್ಲ.