ಕಾಯಿಗೂ ಹಣ್ಣಿಗೂ ಒಂದೇ ರೇಟಾ?

ಮಂಡ್ಯದ ಹಿರಿಯ ಓದುಗರೊಬ್ಬರು, ನಿವೃತ್ತ ಮೇಷ್ಟ್ರು, ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಕಳೆದ ಸಂಚಿಕೆಯಲ್ಲಿ ಹಳೆಯ ಧಾರಾವಾಹಿಗಳ ಬಗ್ಗೆ ಆರು ಪುಟ ಮಾತುಕತೆ ಹಾಕಿದ್ದೀರಿ. ಐದು ಜನ ಕೂತು ಬಾಯಿಗೆ ಬಂದದ್ದು ಆಡಿದ್ದಾರೆ. ಒಬ್ಬರಿಗೆ 'ಮಾಲ್ಗುಡಿ ಡೇಸ್' ನಿಧಾನವಂತೆ. ಇನ್ನೊಬ್ಬರಿಗೆ 'ಮಾಯಾಮೃಗ'ದಲ್ಲಿ ಅಳು ಜಾಸ್ತಿಯಂತೆ. ಇವು ಶ್ರೇಷ್ಠ ಕೆಲಸಗಳು. ಅಧ್ಯಯನ ಮಾಡಿದವರಿಂದ ಲೇಖನ ಬರೆಸಿ. ಜಗಲಿ ಹರಟೆಯನ್ನು ಅಚ್ಚು ಹಾಕಬೇಡಿ. ಮಾಲ್ಗುಡಿಯನ್ನು ಮೈಸೂರಿನಲ್ಲಿ ಚಿತ್ರೀಕರಿಸಿದರು ಎಂದು ಬೇರೆ ಬಂದಿದೆ. ಅದು ಆಗುಂಬೆ."

ಪ್ರಿಯ ಮೇಷ್ಟ್ರೇ,

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ನೀವು ಹೇಳಿದ್ದೇ ಸರಿ. 'ಮಾಲ್ಗುಡಿ ಡೇಸ್'ನ ಹುಡುಗ ಸ್ವಾಮಿಯ ಮನೆ ಅಂತ ನಾವೆಲ್ಲ ನೋಡಿದ್ದು ಆಗುಂಬೆಯ ದೊಡ್ಡಮನೆ. ರೈಲು ನಿಲ್ದಾಣ ಶಿವಮೊಗ್ಗ ಜಿಲ್ಲೆಯ ಅರಸಾಳಿನದು. ಮಾತಿನ ಭರದಲ್ಲಿ ಒಬ್ಬರು ಮೈಸೂರು ಅಂದರು. ಅಚ್ಚಿಗೆ ಹೋಗುವ ಮುಂಚೆ ನಾನು ತಿದ್ದಬೇಕಿತ್ತು. ತಿದ್ದದೆ ಬಿಟ್ಟದ್ದು ನನ್ನ ತಪ್ಪು.

ಆದರೆ ಆ ಮಾತು ಎಲ್ಲಿಂದ ಬಂತು ಅನ್ನುವುದು ನಿಮಗೂ ಗೊತ್ತು. ಮಾಲ್ಗುಡಿಯ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ಅವರ ತಂದೆ ಮೈಸೂರಿನಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು. ಯಾದವಗಿರಿಯಲ್ಲಿ ನಾರಾಯಣ್ ಕಟ್ಟಿಸಿದ ಮನೆ ಈಗ ಮ್ಯೂಸಿಯಂ ಆಗಿದೆ. ಮೈಸೂರಿನವರಿಗೆ ಮಾಲ್ಗುಡಿ ಅಂದರೆ ತಮ್ಮ ಪಕ್ಕದ ಬೀದಿ. ಅದನ್ನು ಆಗುಂಬೆಗೆ ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲ. ಧಾರಾವಾಹಿಯ ನಿರ್ದೇಶಕ ಶಂಕರ್ ನಾಗ್ ಆಗುಂಬೆಗೆ ಹೋದದ್ದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ. ಆ ಹಂಚಿನ ಸೂರು, ಆ ಕಂಬಗಳು, ಒದ್ದೆ ಬೀದಿ ಇಲ್ಲದಿದ್ದರೆ ಮಾಲ್ಗುಡಿ ಒಂದು ಸೆಟ್ ಆಗಿಬಿಡುತ್ತಿತ್ತು. ಇದನ್ನು ಹೇಳಿದ್ದಕ್ಕೆ ಅವತ್ತು ಮೈಸೂರಿನವರೆಲ್ಲ ಸೇರಿ ನನ್ನ ಮೇಲೆ ಬಿದ್ದರು. ಜಾಗ ಸಾಲದೆ ಆ ಭಾಗವನ್ನು ಪತ್ರಿಕೆಯಲ್ಲಿ ಹಾಕಲಿಲ್ಲ.

ಈಗ ಹರಟೆಯ ವಿಚಾರಕ್ಕೆ ಬರುತ್ತೇನೆ. ಇಲ್ಲಿ ನಿಮ್ಮ ಮಾತು ಒಪ್ಪಲಾರೆ.

ಆ ಸಂಜೆ ನಾವು ಕೂತಿದ್ದು ಮೈಸೂರಿನ ಸರಸ್ವತಿಪುರಂನ ಒಂದು ಮನೆಯ ನಡುಮನೆಯಲ್ಲಿ. ಸ್ವಾಮಿಯ ಕಥೆಯ ಒಂದು ಕಂತು ಹಾಕಿದೆವು. ಅಪ್ಪ ಲೆಕ್ಕ ಹೇಳಿಕೊಡುವ ಪ್ರಸಂಗ ನಿಮಗೆ ನೆನಪಿದೆ ಅಲ್ವಾ? ಅಪ್ಪನಾಗಿ ಗಿರೀಶ್ ಕಾರ್ನಾಡ್, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ರಾಮನ ಹತ್ತಿರ 10 ಮಾವಿನಹಣ್ಣಿವೆ. ಎಲ್ಲ ಸೇರಿ 15 ಆಣೆಗೆ ಮಾರಬೇಕು. ಕೃಷ್ಣನಿಗೆ ಬೇಕಾದದ್ದು 4 ಹಣ್ಣು. ಅವನು ಎಷ್ಟು ಕೊಡಬೇಕು? ಸ್ವಾಮಿಗೆ ಲೆಕ್ಕ ಬೇಕಿಲ್ಲ. ಹಣ್ಣು ಮಾಗಿದ್ದವೋ ಕಾಯಿಯಾಗಿದ್ದವೋ ಅನ್ನುವುದೇ ಅವನ ಚಿಂತೆ. ಚಿಕ್ಕವರಿದ್ದಾಗ ನಾವು ಇಲ್ಲಿ ಬಿದ್ದು ಬಿದ್ದು ನಗುತ್ತಿದ್ದೆವು. ಪಾಪ, ದಡ್ಡ ಹುಡುಗ ಅಂತ.

ನಮ್ಮ ಐದು ಜನರಲ್ಲಿ ಒಬ್ಬರು ದೇವರಾಜ ಮಾರುಕಟ್ಟೆಯಲ್ಲಿ ಬಹಳ ವರ್ಷ ಹಣ್ಣಿನ ವ್ಯಾಪಾರ ಮಾಡಿದ ಅಜ್ಜಿ. ಅವರು ನಗಲಿಲ್ಲ. ಟೀವಿ ಕಡೆ ಕೈ ತೋರಿಸಿ ಹೇಳಿದರು: "ಹುಡ್ಗ ಸರಿಯಾಗೇ ಕೇಳ್ತಾವ್ನೆ. ಕಾಯಿಗೂ ಹಣ್ಣಿಗೂ ಒಂದೇ ರೇಟಾ?"

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದೆವು. ಹೌದಲ್ಲ! ಹಣ್ಣು ನೋಡದೆ ಬೆಲೆ ಹೇಳುವವರು ಯಾರು? ಉತ್ತರ ಆರಾಣೆ ಅಂತ ಅಪ್ಪನಿಗೆ ಗೊತ್ತು. ಆದರೆ ಅಪ್ಪನ ಲೆಕ್ಕದಲ್ಲಿ ಮಾವಿನಹಣ್ಣೇ ಇಲ್ಲ, ಬರೀ ಅಂಕಿ ಇದೆ. ಸ್ವಾಮಿಯ ತಲೆಯಲ್ಲಿ ಇರುವುದು ಹಣ್ಣು. ಈ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಯಾವತ್ತೂ ನನಗೆ ಇದು ಹೊಳೆದಿರಲಿಲ್ಲ. ಅಜ್ಜಿಗೆ ಶಂಕರ್ ನಾಗ್ ಯಾರು, ಯಾವ ವರ್ಷದ ಧಾರಾವಾಹಿ, ಒಂದೂ ಬೇಕಿರಲಿಲ್ಲ. ತಮ್ಮ ಕಸುಬಿನ ಕಣ್ಣಿನಿಂದ ನೋಡಿದರು, ಅಷ್ಟೇ. ಇದನ್ನು ನಾನು ಅಚ್ಚು ಹಾಕದೆ ಇನ್ನೇನನ್ನು ಹಾಕಲಿ, ಹೇಳಿ?

ಜಗಲಿ ಹರಟೆ ಅಂದಿರಿ. ನಾನು ಹುಟ್ಟಿದ್ದು ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ. 'ಮಹಾಭಾರತ' ಶುರುವಾದದ್ದು 1988ರ ಅಕ್ಟೋಬರ್ 2ರಂದು. ಊರಿಗೆ ಎರಡೇ ಟೀವಿ. ಕರೆಂಟು ಹೋದರೆ ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ತಂದು ಚಿಕ್ಕ ಕಪ್ಪುಬಿಳುಪು ಟೀವಿಗೆ ಹಚ್ಚುತ್ತಿದ್ದರು. ಹಿಂದಿ ಯಾರಿಗೂ ಬರುತ್ತಿರಲಿಲ್ಲ, ಬೇಕೂ ಇರಲಿಲ್ಲ. ಕಥೆ ಎಲ್ಲರಿಗೂ ಬಾಯಿಪಾಠ. ಯಾಕೆ ಅಂದರೆ ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಆಡದ ವರ್ಷವೇ ಇರಲಿಲ್ಲ. ಮಂಡ್ಯದವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಉಳಿದು ಕಲಿಸುತ್ತಿದ್ದರು. ಪಾತ್ರ ಬೇಕಾದವರು ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಿದ್ದರು. ದುರ್ಯೋಧನ ಸಭೆಗೆ ಬಂದರೆ ಕಂದಪದ್ಯ ಎತ್ತಲೇಬೇಕು. ಒಂದು ಪದ್ಯಕ್ಕೆ ಕಾಲು ಗಂಟೆ. ಚೆನ್ನಾಗಿ ಹಾಡಿದರೆ ಒನ್ಸ್ ಮೋರ್.

ಅಂಥ ಜನ ಪುನೀತ್ ಇಸ್ಸಾರ್ ಅವರ ದುರ್ಯೋಧನನನ್ನು ನೋಡಿದರು. ಆಳು ಭರ್ಜರಿ, ದನಿಯೂ ಗಟ್ಟಿ, ಎಲ್ಲರೂ ಒಪ್ಪಿದರು. ಆದರೆ ಕಂತು ಮುಗಿದ ಮೇಲೆ ಅರಳಿಕಟ್ಟೆಯಲ್ಲಿ ನಮ್ಮೂರಿನ ದುರ್ಯೋಧನನ ಪಾತ್ರಧಾರಿ, ಆಲೆಮನೆಯಲ್ಲಿ ಕೊಪ್ಪರಿಗೆ ನೋಡಿಕೊಳ್ಳುತ್ತಿದ್ದವರು, ತೀರ್ಪು ಕೊಟ್ಟರು: "ಎಲ್ಲಾ ಸರಿ ಕಣ್ರಯ್ಯ. ಒಂದು ಪದ ಹೇಳ್ದೆ ಇರೋ ದುರ್ಯೋಧನ ಎಂಥಾ ದುರ್ಯೋಧನ?" ಅದರ ಮೇಲೆ ವಾರವಿಡೀ ಚರ್ಚೆ. ಹಾಡಿದರೆ ಕೋಪ ಇಳಿದುಹೋಗುತ್ತದೆ ಅನ್ನುವವರು ಒಂದು ಕಡೆ. ಹಾಡಿದಾಗಲೇ ಕೋಪ ಏರುವುದು ಅನ್ನುವವರು ಇನ್ನೊಂದು ಕಡೆ. ಸಿನಿಮಾ ನಟನೆಗೂ ರಂಗದ ನಟನೆಗೂ ಏನು ವ್ಯತ್ಯಾಸ ಅನ್ನುವ ಪ್ರಶ್ನೆಯನ್ನು ನಾನು ಮೊದಲು ಕೇಳಿಸಿಕೊಂಡದ್ದು ಆ ಕಟ್ಟೆಯ ಮೇಲೆ. ಕಾಲೇಜಿನಲ್ಲಿ ಅದೇ ವಿಷಯ ಓದುವಾಗ ನನಗೆ ಆ ಕೊಪ್ಪರಿಗೆಯವರ ಮಾತೇ ಕಿವಿಯಲ್ಲಿತ್ತು.

ವಾರಕ್ಕೆ ಒಂದೇ ಕಂತು ಬರುತ್ತಿದ್ದ ಕಾಲ ಅದು. ಉಳಿದ ಆರು ದಿನ ಮಾತು. ಮುಂದಿನ ಭಾನುವಾರದ ಹೊತ್ತಿಗೆ ಕಂತು ನಮ್ಮ ಬಾಯಲ್ಲಿ ಮಾಗಿರುತ್ತಿತ್ತು. 'ರಾಮಾಯಣ' 1987ರ ಜನವರಿಯಿಂದ 1988ರ ಜುಲೈವರೆಗೆ, ಒಂದೂವರೆ ವರ್ಷ, 78 ಕಂತು ನಡೆಯಿತು. ಅದನ್ನೇ 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ 28ರಿಂದ ದಿನಕ್ಕೆ ಎರಡು ಹೊತ್ತು ಹಾಕಿ ಮೂರು ವಾರದಲ್ಲಿ ಮುಗಿಸಿದರು. ನಾನೂ ನೋಡಿದೆ. ಪಕ್ಕದ ಮನೆಯವರು ಒಳಗೆ ಬರುವಂತಿಲ್ಲ, ನಾವು ಹೊರಗೆ ಹೋಗುವಂತಿಲ್ಲ. ನೋಡಿದ್ದೆಲ್ಲ ಹಾಗೇ ಕಣ್ಣ ಮುಂದೆ ಹರಿದುಹೋಯಿತು. ಮಾತಾಡಲು ಯಾರೂ ಇರಲಿಲ್ಲ. ಇಂಥ ಸಂಜೆಗಳನ್ನು ಏರ್ಪಡಿಸಬೇಕು ಅನ್ನುವ ಆಸೆ ನನಗೆ ಹುಟ್ಟಿದ್ದೇ ಆಗ.

'ಮಾಯಾಮೃಗ'ದಲ್ಲಿ ಅಳು ಜಾಸ್ತಿ ಅಂದವರ ಮೇಲೆ ನಿಮಗೆ ಕೋಪ ಬಂದಿದೆ. ನನಗೂ ಬಂತು. ಅವತ್ತೇ ಜಗಳ ಆಡಿದೆ. 1998ರಲ್ಲಿ ಚಂದನದಲ್ಲಿ ಅದು ಬರುವಾಗ ನಮ್ಮ ಮನೆಯಲ್ಲಿ ಒಲೆಯ ಮೇಲಿನ ಹಾಲು ಎಷ್ಟು ಸಲ ಉಕ್ಕಿತೋ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರು ಸೇರಿ ಮಾಡಿದ ಕೆಲಸ ಅದು. ಈಗ ಮತ್ತೆ ನೋಡಿದರೆ ನನಗೆ ಎದ್ದು ಕಾಣುವುದು ಅಳು ಅಲ್ಲವೇ ಅಲ್ಲ. ಅಲ್ಲಿನ ಜನ ದುಡ್ಡಿನ ವಿಚಾರ ಬಾಯಿ ಬಿಟ್ಟು ಮಾತಾಡುತ್ತಾರೆ. ಕೆಲಸ, ಸಂಬಳ, ಮನೆ ಖರ್ಚು. ನಮ್ಮ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಆಡುತ್ತಿದ್ದ ಮಾತುಗಳು. ಅವತ್ತು ಬಂದಿದ್ದ ಕಾಲೇಜು ಹುಡುಗಿ ಇದನ್ನು ಮೊದಲ ಸಲ ನೋಡುತ್ತಿದ್ದಳು. ಒಂದು ಕಪಾಳಮೋಕ್ಷವನ್ನು ಮೂರು ದಿಕ್ಕಿನಿಂದ ಮೂರು ಸಲ ತೋರಿಸುವ ಧಾರಾವಾಹಿಗಳನ್ನೇ ನೋಡಿ ಬೆಳೆದವಳು. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಅಂದಳು: "ಇದ್ರಲ್ಲಿ ಒಬ್ರು ಮಾತಾಡ್ವಾಗ ಇನ್ನೊಬ್ರು ಕೇಳಿಸ್ಕೋತಾರೆ." ನಿಮ್ಮ ಮೂವತ್ತು ವರ್ಷದ ಪಾಠದಲ್ಲಿ ಇಷ್ಟು ಚೊಕ್ಕವಾದ ಉತ್ತರ ಎಷ್ಟು ಸಿಕ್ಕಿತ್ತು, ಮೇಷ್ಟ್ರೇ?

ಹಾಗಂತ ಎಲ್ಲವನ್ನೂ ಹೊಗಳಿ ಕೂರಲಿಲ್ಲ, ಕೂರಲೂ ಬಾರದು. 'ಮುಕ್ತ' ಧಾರಾವಾಹಿಯಲ್ಲಿ ಸೀತಾರಾಮ್ ಅವರೇ ವಕೀಲ ಸಿ.ಎಸ್.ಪಿ. ಆಗಿ ಪಾಟೀಸವಾಲಿಗೆ ನಿಂತರೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಈಗ ನಾಲ್ಕು ಕಂತು ಒಟ್ಟಿಗೆ ನೋಡಿದರೆ ಎದುರಿನವರು ಬೇಗ ಸೋಲುತ್ತಾರೆ ಅನ್ನಿಸುತ್ತದೆ. ಇದನ್ನು ಬರೆಯುವುದಕ್ಕೆ ನನಗೆ ಸಂಕಟವಾಗುತ್ತದೆ. ಆದರೂ ಅನ್ನಿಸಿದ್ದು ನಿಜ. 'ಮಾಲ್ಗುಡಿ ಡೇಸ್'ನ ಹಿಂದಿಯೂ ಹಾಗೆಯೇ. ಆ ಮುಖಗಳು ನಮ್ಮವು, ಪಂಚೆ ಉಟ್ಟ ರೀತಿ ನಮ್ಮದು, ಮಳೆ ನಮ್ಮದು. ಬಾಯಿ ತೆರೆದರೆ ಬೇರೆ ಭಾಷೆ. ಎಲ್. ವೈದ್ಯನಾಥನ್ ಅವರ ಆ ರಾಗ ಶುರುವಾಗಿ ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳು ತೆರೆಯ ಮೇಲೆ ಬಂದಾಗ ಎಷ್ಟು ಹತ್ತಿರ ಅನ್ನಿಸುತ್ತದೋ, ಮೊದಲ ಮಾತು ಕಿವಿಗೆ ಬಿದ್ದಾಗ ಅಷ್ಟೇ ದೂರ ಆಗುತ್ತದೆ. ದೇಶವೆಲ್ಲ ನೋಡಲಿ ಅಂತ ಹಾಗೆ ಮಾಡಿದರು, ಸರಿ. ನನ್ನ ಹೊಟ್ಟೆಯ ಸಂಕಟ ಅದರಿಂದ ಕಡಿಮೆ ಆಗುವುದಿಲ್ಲ.

'ಗೃಹಭಂಗ'ವನ್ನು ಯಾಕೆ ಕೈಬಿಟ್ಟಿರಿ ಅಂತಲೂ ಕೇಳಿದ್ದೀರಿ. ಎಸ್.ಎಲ್. ಭೈರಪ್ಪನವರು ನೆಲೆಸಿದ್ದ ಮೈಸೂರಿನಲ್ಲೇ ಕೂತು, ಅವರ ಕಾದಂಬರಿಯಿಂದ ಗಿರೀಶ್ ಕಾಸರವಳ್ಳಿ ಮಾಡಿದ ಆ ಧಾರಾವಾಹಿಯ ಮಾತಾಡಲಿಲ್ಲವೇ ಅಂತ. ಕೈಬಿಟ್ಟದ್ದಲ್ಲ. ಒಬ್ಬರು ಹೆಂಗಸರು ಬೇಡ ಅಂದರು. ಕಥೆಯ ನಾಯಕಿ ನಂಜಮ್ಮನ ಕಷ್ಟವನ್ನು ಎರಡನೇ ಸಲ ನೋಡುವ ಶಕ್ತಿ ತನಗಿಲ್ಲ ಅಂದರು. ನಾವು ಒತ್ತಾಯ ಮಾಡಲಿಲ್ಲ.

ಅಧ್ಯಯನದ ಲೇಖನಗಳನ್ನೂ ಹಾಕುತ್ತೇವೆ. ಬೇಡ ಅನ್ನುವವನು ನಾನಲ್ಲ. ಆದರೆ ಎಷ್ಟೋ ಹಳೆಯ ಕನ್ನಡ ಧಾರಾವಾಹಿಗಳ ಒಂದು ಕಂತೂ ಇವತ್ತು ನೋಡಲು ಸಿಗುವುದಿಲ್ಲ. ಅವು ಉಳಿದಿರುವುದು ನೋಡಿದವರ ಮಾತಿನಲ್ಲಿ ಮಾತ್ರ. ಆ ಅಜ್ಜಿಯಂಥವರು, ನಿಮ್ಮಂಥವರು ಈಗಲೇ ಹೇಳದಿದ್ದರೆ ಲೇಖನ ಬರೆಯುವವರು ಏನನ್ನು ಹಿಡಿದು ಬರೆಯಬೇಕು?

ನಿಮ್ಮ ಪತ್ರದ ಕೊನೆಯ ಪುಟವನ್ನು ನಾನು ಮೂರು ಸಲ ಓದಿದೆ. ಅಲ್ಲಿ ನೀವು 'ಕ್ರೇಜಿ ಕರ್ನಲ್' ಧಾರಾವಾಹಿಯ ಬಗ್ಗೆ ಬರೆದಿದ್ದೀರಿ. ರಮೇಶ್ ಭಟ್ ಅವರ ಕರ್ನಲ್ ಕೋಣೆಯೊಳಗೆ ಕಾಲಿಟ್ಟರೆ ಸಾಕು ನಿಮ್ಮ ತಂದೆ ಊಟದ ತಟ್ಟೆ ಕೆಳಗಿಟ್ಟು ನಗುತ್ತಿದ್ದರು ಅಂತ. ಅವರು ಹಾಗೆ ನಗುವುದನ್ನು ನೀವು ಬೇರೆ ಯಾವತ್ತೂ ನೋಡಿರಲಿಲ್ಲ ಅಂತ. ಆ ಪುಟವನ್ನು ನಿಮ್ಮ ಒಪ್ಪಿಗೆ ಸಿಕ್ಕರೆ ಮುಂದಿನ ಸಂಚಿಕೆಯಲ್ಲಿ ಒಂದು ಅಕ್ಷರವನ್ನೂ ಬದಲಿಸದೆ ಹಾಕುತ್ತೇನೆ.

ಮುಂದಿನ ಕೂಟ ಬರುವ ತಿಂಗಳ ಎರಡನೇ ಭಾನುವಾರ, ಸಂಜೆ ನಾಲ್ಕಕ್ಕೆ, ಅದೇ ಸರಸ್ವತಿಪುರಂ ಮನೆಯಲ್ಲಿ. ಮಂಡ್ಯದಿಂದ ಮಧ್ಯಾಹ್ನದ ರೈಲು ಹಿಡಿದರೆ ಸಾಕು. ಸ್ಟೇಷನ್ನಿಗೆ ನಾನೇ ಬರುತ್ತೇನೆ. ಅಜ್ಜಿಯೂ ಬರುತ್ತಾರೆ. ಕರ್ನಲ್ ಬಗ್ಗೆ ನೀವು ಶುರು ಮಾಡಿ.

ನಿಮ್ಮ,
ಸಂಪಾದಕ