ಆಲೆಮನೆ ನೋಡೋಕೆ ಶಾಲೆ ಯಾಕೆ?

(ಪಾಂಡವಪುರ ತಾಲೂಕಿನ ಓದುಗರೊಬ್ಬರ ಪತ್ರದ ಸಾರ: "ಮಗ ಏಳನೇ ಕ್ಲಾಸು. ಹೋದ ತಿಂಗಳು ಶಾಲೆಯವರು ಆಲೆಮನೆಗೆ ಕರೆದುಕೊಂಡು ಹೋಗಿದ್ದರು. ಈಗ ಊರಲ್ಲಿ ದುಡಿಯುವ ಒಬ್ಬರನ್ನು ಮಾತಾಡಿಸಿ ಬರೆದು ತನ್ನಿ ಅಂದಿದ್ದಾರೆ. ನಾನು ಕಬ್ಬು ಬೆಳೆಯುವವನು. ಈ ಕಷ್ಟ ಅವನಿಗೆ ಬೇಡ ಅಂತಲೇ ಓದಿಸುತ್ತಿರುವುದು. ಆಲೆಮನೆ ನೋಡೋಕೆ ಶಾಲೆ ಯಾಕೆ ಬೇಕು?")

ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಮಗ ಆಲೆಮನೆಯನ್ನು ನೂರು ಸಲ ನೋಡಿರುತ್ತಾನೆ, ಬಿಸಿ ಬೆಲ್ಲ ನೆಕ್ಕಿರುತ್ತಾನೆ. ಆದರೆ ಒಂದು ಟನ್ ಕಬ್ಬಿಗೆ ಬೆಲ್ಲ ಎಷ್ಟು ಬರುತ್ತದೆ ಅಂತ ಕೇಳಿ ನೋಡಿ. ಹೆಚ್ಚುಕಡಿಮೆ 100 ಕೆಜಿ. ಉಳಿದ ಒಂಬತ್ತು ಪಾಲು ಎಲ್ಲಿ ಹೋಯಿತು? ನೀರೆಲ್ಲ ಆವಿಯಾಯಿತು. ಸಿಪ್ಪೆ ಒಣಗಿ ಅದೇ ಒಲೆಗೆ ಸೌದೆಯಾಯಿತು. ಕೊಪ್ಪರಿಗೆಗೆ ಸುಣ್ಣ ಹಾಕುತ್ತಾರಲ್ಲ, ಅದು ಕಬ್ಬಿನ ಹಾಲಿನ ಹುಳಿ ಮುರಿಯುತ್ತದೆ, ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಆಮ್ಲ, ಪ್ರತ್ಯಾಮ್ಲ ಅಂತ ಅವನು ಬಾಯಿಪಾಠ ಮಾಡುವುದು ಇದನ್ನೇ. ಬೆಲ್ಲ ಬೆಳ್ಳಗಿದ್ದರೆ ಗಿರಾಕಿ ಜಾಸ್ತಿ ಅಂತ ಕೆಲವರು ಹೈಡ್ರೋಸ್ ಅನ್ನುವ, ಬಣ್ಣ ತಿಳಿಮಾಡುವ ರಾಸಾಯನಿಕ ಸುರಿಯುತ್ತಾರೆ. ಇದು ನಿಮಗೂ ಗೊತ್ತು. "ಯಾಕೆ ಸುರಿಯುತ್ತೀರಿ?" ಅಂತ ಒಬ್ಬ ಹುಡುಗ ನಿಂತು ಕೇಳಿದರೆ ಅಷ್ಟರಮಟ್ಟಿಗೆ ಮೇಷ್ಟ್ರು ಗೆದ್ದ ಹಾಗೆ.

ನಾನೂ ಮಂಡ್ಯದಲ್ಲೇ ಓದಿದವನು. ಸಕ್ಕರೆ ಕಾರ್ಖಾನೆಯ ಮುಂದೆ ದಿನಾ ಓಡಾಡುತ್ತಿದ್ದೆವು. ಅದು ಇಲ್ಲಿಗೇ ಯಾಕೆ ಬಂತು ಅಂತ ಒಬ್ಬರೂ ಹೇಳಿಕೊಡಲಿಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಿದರು, ನಾಲೆಯಲ್ಲಿ ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು. 1933ರಲ್ಲಿ ಮೈಷುಗರ್, ಅಂದರೆ ಇದೇ ಸಕ್ಕರೆ ಕಾರ್ಖಾನೆ, ಶುರುವಾಯಿತು. ಅದರ ಹಿಂದೆ ಇದ್ದವರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. ಇದೆಲ್ಲ ನನಗೆ ಗೊತ್ತಾಗಿದ್ದು ಪತ್ರಿಕೆ ಕೆಲಸಕ್ಕೆ ಸೇರಿದ ಮೇಲೆ. ಇವತ್ತಿಗೂ ನಾಚಿಕೆಯಾಗುತ್ತದೆ.

ಹಾಗಂತ ಶಾಲೆಗಳು ಮಾಡುವುದೆಲ್ಲ ಸರಿ ಅನ್ನುತ್ತಿಲ್ಲ. ಸಾಲಾಗಿ ನಿಲ್ಲಿಸಿ, ಫೋಟೊ ಹೊಡೆದು, ವಾಟ್ಸಾಪ್‌ಗೆ ಹಾಕಿ ವಾಪಸ್ ಬರುವುದಾದರೆ ಸುಮ್ನೆ ಪಾಠ ಮಾಡುವುದೇ ವಾಸಿ. ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಹಳ್ಳಿ ಶಾಲೆಯ ಮಕ್ಕಳಿಗೆ ಕುಂಬಾರರ ಮನೆ, ಬಡಗಿ ಅಂಗಡಿ ತೋರಿಸುತ್ತಾರೆ. ಬ್ಯಾಂಕು, ಪಶು ಆಸ್ಪತ್ರೆ, ವಕೀಲರ ಆಫೀಸು ಯಾಕೆ ತೋರಿಸುವುದಿಲ್ಲ? ಎಪಿಎಂಸಿ ಮಾರುಕಟ್ಟೆಗೆ ಕರೆದುಕೊಂಡು ಹೋಗಿ ಬೆಲ್ಲಕ್ಕೆ ಬೆಲೆ ಕಟ್ಟುವುದು ಯಾರು ಅಂತ ಯಾಕೆ ಕೇಳಿಸುವುದಿಲ್ಲ? ರೈತನ ಮಗ ಗಾಣ ಮಾತ್ರ ನೋಡಿ ಬಂದರೆ ನಿಮ್ಮ ಸಿಟ್ಟು ನ್ಯಾಯವೇ. ಈ ಮಾತನ್ನು ಪೋಷಕರ ಸಭೆಯಲ್ಲಿ ಎದ್ದು ನಿಂತು ಹೇಳಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯವರಿಗೆ 10 ದಿನ ಬ್ಯಾಗಿಲ್ಲದೆ ಊರಿನ ಕಸುಬುದಾರರ ಹತ್ತಿರ ಕಲಿಯಲಿ ಅಂತ ಇದೆ. ಆ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ಜಗಳ ಇದ್ದೇ ಇದೆ, ಅದು ಬೇರೆ ಮಾತು. ಮಕ್ಕಳ ಸಂತೆಯಂತೂ ನಮ್ಮ ಸರ್ಕಾರಿ ಶಾಲೆಗಳಿಗೆ ಹೊಸದಲ್ಲ. ಸೊಪ್ಪು ಮಾರಿ ಚಿಲ್ಲರೆ ಎಣಿಸಿದ ಹುಡುಗಿ ಸೊಪ್ಪಿನವಳೇ ಆಗಬೇಕು ಅಂತ ಏನಿಲ್ಲ ಅಲ್ವಾ? ಆದರೆ ನೋಡುವುದು ಬೇರೆ, ದುಡಿಸುವುದು ಬೇರೆ. 14 ವರ್ಷದೊಳಗಿನವರನ್ನು ಕೆಲಸಕ್ಕೆ ಹಚ್ಚುವುದು ಅಪರಾಧ. "ಸ್ವಲ್ಪ ಸಿಪ್ಪೆ ಹರವಿ" ಅಂತ ಮಕ್ಕಳಿಗೆ ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ.

ಇನ್ನು ಮಾತಾಡಿಸಿ ಬರೆಯುವ ಕೆಲಸ. ಅಂಗಡಿ ಹುಡುಕಿಕೊಂಡು ಹೋಗುವುದೇನೂ ಬೇಡ, ನಿಮ್ಮನ್ನೇ ಮಾತಾಡಿಸಲಿ. ಬಿತ್ತನೆ ಕಬ್ಬಿಗೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಕಟಾವಿನ ಕೂಲಿ ಎಷ್ಟು, ವರ್ಷ ಕಾದ ಮೇಲೆ ಕೈಗೆ ಬಂದದ್ದೆಷ್ಟು. ಸಾಲದ ಲೆಕ್ಕ ಕೇಳಿದರೂ ಮುಚ್ಚಿಡಬೇಡಿ. ಅವನು ಬರೆದದ್ದನ್ನು ನಮಗೂ ಒಂದು ಪ್ರತಿ ಕಳಿಸಿಕೊಡಿ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಬಿಟ್ಟಿರುತ್ತೇನೆ.

– ಸಂಪಾದಕ